ಮೂರನೆಯ ಅಂಕಿ

ಫೆಬ್ರವರಿ 3, ಸೋಮವಾರ

ಮಗಳು ಇಂಪನಾಳ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದಿದ್ದ ಹಾಳೆಗಳಲ್ಲಿ ಇದನ್ನು ಬರೆಯುತ್ತಿದ್ದೇನೆ. ಬರೆಯಬೇಕಾದ್ದು ಅಂಕಿಗಳನ್ನು ಮಾತ್ರ. ತಿಪಟೂರಿನ ಆ ಹುಡುಗಿ ಡಾಕ್ಟರು ಧನ್ಯಶ್ರೀ ಹಾಗಂತ ಹೇಳಿ ಕಳಿಸಿದ್ದಾಳೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಯಜಮಾನರ ತೋಳಿಗೆ ಪಟ್ಟಿ ಸುತ್ತಿ, ಇಂಪನಾ ಕೊಡಿಸಿದ ಬಿಪಿ ಮೆಷಿನ್ನಿನಲ್ಲಿ ಬರುವ ಮೂರು ಅಂಕಿಗಳನ್ನು ಒಂದು ತಿಂಗಳು ಬರೆಯಬೇಕಂತೆ. ಬರೆದ ಮೇಲೂ ಹಾಳೆ ಮಿಗುತ್ತದೆ. ನನ್ನ ಹೊಟ್ಟೆಯೊಳಗಿನದನ್ನು ಈ ಮನೆಯಲ್ಲಿ ಯಾರಿಗೆ ಹೇಳಲಿ? ಇಲ್ಲೇ ಬರೆದುಕೊಳ್ಳುತ್ತೇನೆ. ಡಾಕ್ಟರಿಗೆ ತೋರಿಸುವಾಗ ಅಂಕಿಗಳನ್ನಷ್ಟೇ ಬೇರೆ ಹಾಳೆಗೆ ಇಳಿಸಿದರಾಯಿತು.

ಹೋದ ವಾರ ಕೊಬ್ಬರಿಗೆ ಕಾಯಿ ಒಣಗಿಸುವ ಅಟ್ಟದ ಏಣಿ ಇಳಿಯುವಾಗ ಈ ಮನುಷ್ಯನಿಗೆ ತಲೆ ಸುತ್ತಿತು. ಕೈಲಿದ್ದ ಒಣಕಾಯಿ ಬಿತ್ತು, ಇವರು ಬೀಳಲಿಲ್ಲ, ಅಷ್ಟು ಪುಣ್ಯ. "ಏನಿಲ್ಲ ಬುಡು" ಅಂದರು. ನಾನು ಬಿಡದೆ ಮಗಳಿಗೆ ಫೋನು ಮಾಡಿದೆ. ಇಂಪನಾ ತುರುವೇಕೆರೆಯಲ್ಲಿ ಹೈಸ್ಕೂಲು ಟೀಚರು. ಇವತ್ತು ರಜೆ ಹಾಕಿ ಬಂದು ಅಪ್ಪನನ್ನೂ ನನ್ನನ್ನೂ ತಿಪಟೂರಿನ ನರ್ಸಿಂಗ್ ಹೋಮಿಗೆ ಎಳೆದುಕೊಂಡು ಹೋದಳು. ಬಿಪಿ 178/104.

ಆರು ವರ್ಷದಿಂದ ಮಾತ್ರೆ ಇದೆ. ಅದನ್ನು ತಲೆ ಭಾರ ಅನ್ನಿಸಿದ ದಿನ ಮಾತ್ರ ನುಂಗುತ್ತಿದ್ದರು ಅನ್ನುವುದು ನನಗೆ ಇವತ್ತು ಡಾಕ್ಟರ ಮುಂದೆ ಗೊತ್ತಾಯಿತು. "ಏರಿದ್ರೆ ನಂಗೆ ಗೊತ್ತಾಯ್ತದೆ ಮೇಡಮ್" ಅಂದರು. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುವವರಲ್ಲವೇ, ತಮ್ಮ ತಲೆಯೂ ಹಾಗೇ ಅಂದುಕೊಂಡಿದ್ದಾರೆ. ಮೂವತ್ತಮೂರು ವರ್ಷ ಜೊತೆಯಲ್ಲಿ ಬಾಳಿದ ಹೆಂಡತಿಗೆ ಹೇಳದ್ದನ್ನು ಮೂವತ್ತಮೂರು ವರ್ಷವೂ ತುಂಬದ ಹುಡುಗಿಗೆ ಹೇಳುತ್ತಾರೆ. ಮೈ ಉರಿದುಹೋಯಿತು.

ರಕ್ತ ತೆಗೆದು ನೋಡಿದರು, ಕಿಡ್ನಿ ಸೊರಗಿದೆಯಂತೆ. ಹೊಸದೊಂದು ಮಾತ್ರೆ ಸೇರಿಸಿದ್ದಾಳೆ. ವಾರಕ್ಕೆ ಸರಿಯಾಗಿ ಬಂದು ಮತ್ತೆ ರಕ್ತ ಕೊಡಬೇಕಂತೆ. "ಊಟ ಏನೇನು?" ಅಂತ ಕೇಳಿದಳು. ಮುದ್ದೆ, ಸಾರು, ಮಜ್ಜಿಗೆ ಅಂದೆ. ಉಪ್ಪಿನಕಾಯಿ, ಹಪ್ಪಳ ಬಂದ್. ಸಾರಿಗೆ ಉಪ್ಪು ಅರ್ಧ. ಅಡಿಗೆ ಮಾಡುವವಳು ನಾನಾದ್ದರಿಂದ ಇದೆಲ್ಲವನ್ನೂ ನನ್ನ ಮುಖ ನೋಡಿಕೊಂಡು ಹೇಳಿದಳು, ನಾನೇ ಇಷ್ಟು ವರ್ಷ ಉಪ್ಪು ಸುರಿದು ಗಂಡನನ್ನು ಕೆಡಿಸಿದ ಹಾಗೆ.

ಫೆಬ್ರವರಿ 4, ಮಂಗಳವಾರ

ಬೆಳಿಗ್ಗೆ 166/98, 76.
ಸಂಜೆ 152/92, 74.

ಹನ್ನೆರಡು ಗಂಟೆಯೊಳಗೆ ಹದಿನಾಲ್ಕು ವ್ಯತ್ಯಾಸ! ಇದೇನು ಬಿಪಿಯೋ ಕೊಬ್ಬರಿ ಮಾರುಕಟ್ಟೆಯೋ? ಮೆಷಿನ್ ಕೆಟ್ಟಿದೆ ಅಂತ ಇಂಪನಾಗೆ ಫೋನು ಮಾಡಿದೆ. "ಅಮ್ಮ, ಬಿಪಿ ದಿನವೆಲ್ಲ ಒಂದೇ ಥರ ಇರಲ್ಲ. ಬೆಳಿಗ್ಗೆ ಏಳೋ ಹೊತ್ತಿಗೆ ಏರುತ್ತೆ, ಸಂಜೆಗೆ ಇಳಿಯುತ್ತೆ. ಅದಕ್ಕೇ ಎರಡು ಹೊತ್ತು ಬರೀ ಅಂದಿದ್ದು" ಅಂದಳು. ನನಗೇ ಪಾಠ.

ಮೂರನೆಯ ಅಂಕಿ ನಾಡಿಯದಂತೆ. ನಾವು ಹೋದದ್ದು ಬಿಪಿಗೆ, ನಾಡಿ ಯಾರಿಗೆ ಬೇಕಿತ್ತು? ಬರಿ ಅಂದಿದ್ದಾಳೆ, ಬರೆಯುತ್ತೇನೆ.

ಇನ್ನೊಂದು ಕಾನೂನು: ಪಟ್ಟಿ ಸುತ್ತುವ ಮುಂಚೆ ಐದು ನಿಮಿಷ ಬೆನ್ನೊರಗಿಸಿ ಸುಮ್ಮನೆ ಕೂರಬೇಕು, ಮಾತಾಡಬಾರದು, ಮಾತಾಡಿದರೆ ಹತ್ತು ಏರುತ್ತದೆ. ಇವರಿಗೆ ಅದೇನು ಕಷ್ಟ? ಹುಟ್ಟಿದಾಗಿನಿಂದ ಅದೇ ಮಾಡಿದ್ದಾರೆ. ಎದುರು ಕೂತ ನಾನೂ ಬಾಯಿ ಮುಚ್ಚಿಕೊಂಡಿರಬೇಕಲ್ಲ, ಶಿಕ್ಷೆ ಆಗಿರುವುದು ನನಗೆ.

ಫೆಬ್ರವರಿ 6, ಗುರುವಾರ

ಬೆಳಿಗ್ಗೆ 164/98, 75.

ಡೈರಿಗೆ ಹಾಲು ಹಾಕಲು ಹೋದಾಗ ಪಕ್ಕದ ತೋಟದ ಶಾಂತಕುಮಾರಿ ಸಿಕ್ಕಳು. "ಬಿಪಿಗೆ ಎಳನೀರು ಕುಡಿಸಿ ಅಕ್ಕ. ನಮ್ಮ ಅತ್ತಿಗೆಗೆ ಹದಿನೈದು ದಿನದಲ್ಲಿ ಇಳಿದೋಯ್ತು ಗೊತ್ತಾ? ನೂರಾರು ಮರ ಇಟ್ಕೊಂಡು ಮಾತ್ರೆ ನುಂಗ್ತಾರಾ ಯಾರಾದ್ರೂ?" ಅಂದಳು.

ದಾರಿಯುದ್ದಕ್ಕೂ ಅದೇ ಯೋಚನೆ. ಯೋಚನೆಯ ಹಿಂದೆಯೇ ಹಳೆಯದೆಲ್ಲ ಬಂತು. ಇಂಪನಾ ಹೊಟ್ಟೆಯಲ್ಲಿದ್ದಾಗ ನನಗೆ ಏಳು ತಿಂಗಳು. ಏಪ್ರಿಲ್ ಬಿಸಿಲು. ಬೇರೇನೂ ಸೇರದು, ಒಂದು ಎಳನೀರು ಕುಡಿಯಬೇಕು ಅನ್ನಿಸಿತು. ಇವರಿಗೆ ಹೇಳಿದೆ. ಇವರು ಹೋಗಿ ಅಪ್ಪನನ್ನು ಕೇಳಿದರು! ನಮ್ಮ ಮಾವ ಮರುಳಸಿದ್ದಯ್ಯನವರು ಜಗಲಿಯ ಮೇಲೆ ಕೂತು, ನನಗೆ ಕೇಳಲಿ ಅಂತಲೇ ಗಟ್ಟಿಯಾಗಿ ಹೇಳಿದರು: "ಕೊಬ್ಬರಿ ಆಗೋ ಕಾಯಿಗೆ ಎಳೇದ್ರಲ್ಲೇ ಮಚ್ಚು ಹಾಕೋದಾ? ಈ ತೋಟದಲ್ಲಿ ಇದುವರ್ಗೂ ಆಗಿಲ್ಲ, ಇನ್ಮುಂದೇನೂ ಆಗಲ್ಲ." ಇವರು ತಲೆ ತಗ್ಗಿಸಿ ನಿಂತಿದ್ದರು. ಒಳಗೆ ಬಂದು ನನಗೆ ಒಂದು ಲೋಟ ಮಜ್ಜಿಗೆ ಕೊಟ್ಟರು. ಮಜ್ಜಿಗೆ! ಹೆರಿಗೆಗೆ ತವರು ಕಂದಿಕೆರೆಗೆ ಹೋದ ದಿನವೇ ನಮ್ಮಪ್ಪ ನಾಲ್ಕು ಕೆಡವಿಸಿ ಕೊಟ್ಟರು. ಅಳುತ್ತಲೇ ಕುಡಿದಿದ್ದೆ.

ಮಾವ ಹೋಗಿ ಹನ್ನೆರಡು ವರ್ಷವಾಯಿತು. ಇವತ್ತಿಗೂ ಬಿಸಿಲಲ್ಲಿ ಬಂದ ನೆಂಟರಿಗೆ ಈ ಮನೆಯಲ್ಲಿ ಕಾಫಿಯೇ.

ಫೆಬ್ರವರಿ 7, ಶುಕ್ರವಾರ

ಬೆಳಿಗ್ಗೆ 162/96, 75.

ಕಾಯಿ ಕೀಳುವ ದೊಡ್ಡಣ್ಣನನ್ನು ಕರೆಸಿದೆ. ಎಳನೀರು ಅಂದ ಕೂಡಲೇ ಅವನು ಮಚ್ಚು ಕೆಳಗಿಟ್ಟ.

"ಅಮ್ಮಾರೆ, ದೊಡ್ಡ ಯಜಮಾನ್ರು ಇದ್ದಿದ್ರೆ ನನ್ ಕೈನೇ ಕಡಿದಾಕೋರು."

"ಅವರು ಈಗ ಗೋಡೆ ಮೇಲಿದಾರೆ ಕಣಪ್ಪ. ಇಳಿದು ಬರಲ್ಲ. ನೀನು ಹತ್ತು."

ಅವನು ಜಗಲಿಯ ಕಡೆ ನೋಡಿದ. ಇವರು ಕಂಬಕ್ಕೆ ಒರಗಿ ಕೂತಿದ್ದರು. ಒಂದು ಮಾತಾಡಲಿ ನೋಡೋಣ ಅಂತ ನಾನೂ ಕಾದೆ. ಇವರು ಅಪ್ಪನ ಫೋಟೋ ಕಡೆ ಒಂದು ಸಲ ನೋಡಿ ಟವೆಲಿನಲ್ಲಿ ಮುಖ ಒರೆಸಿಕೊಂಡರು. ದೊಡ್ಡಣ್ಣ ಒಂದು ಗೊನೆ ಇಳಿಸಿದ. ಮೊದಲನೆಯದನ್ನು ಕೆತ್ತಿಸಿ ಇವರ ಕೈಗೆ ಕೊಟ್ಟು ಎದುರಿಗೇ ನಿಂತುಕೊಂಡೆ. ಪೂರ್ತಿ ಕುಡಿದರು.

ಇನ್ನು ಮೇಲೆ ದಿನಕ್ಕೆ ಮೂರು. ಬೆಳಿಗ್ಗೆ, ಹನ್ನೊಂದಕ್ಕೆ, ಸಂಜೆಗೆ. ನನ್ನನ್ನು ಯಾರು ತಡೆಯುತ್ತಾರೋ ನೋಡುತ್ತೇನೆ.

ಫೆಬ್ರವರಿ 10, ಸೋಮವಾರ

ಬೆಳಿಗ್ಗೆ 150/92, 70. ಎಳನೀರು ಮೂರು.

ನೋಡಿ! ಮೂರೇ ದಿನ! ಯಾರಿಗೆ ನೋಡಿ ಅನ್ನುತ್ತಿದ್ದೇನೋ, ಇಲ್ಲಿ ನಾನೊಬ್ಬಳೇ.

ಇವತ್ತು ರಕ್ತ ಕೊಡಲು ಹೋಗಬೇಕಿತ್ತು. ಹೋಗಲಿಲ್ಲ. ಇಳಿಯುತ್ತಿರುವ ಬಿಪಿಗೆ ರಕ್ತ ಯಾಕೆ? ಹೋದ ವಾರವಷ್ಟೇ ತೆಗೆದಿದ್ದಾರೆ, ಇನ್ನೆಷ್ಟು ಬೇಕು ಇವರಿಗೆ? ಅದೂ ಅಲ್ಲದೆ ಅಟ್ಟದಿಂದ ಕಾಯಿ ಇಳಿಸುವ ಆಳುಗಳು ಬಂದಿದ್ದರು. "ಹೋಗಾಣ್ವಾ?" ಅಂತ ಇವರು ಒಂದು ಸಲ ಕೇಳಿದರು. "ಏನೂ ಬ್ಯಾಡ ಕೂತ್ಕೊಳ್ಳಿ" ಅಂದೆ. ಕೂತರು.

ಫೆಬ್ರವರಿ 13, ಗುರುವಾರ

ಬೆಳಿಗ್ಗೆ 144/88, 66. ಎಳನೀರು ಮೂರು.

ನರ್ಸಿಂಗ್ ಹೋಮಿನಿಂದ ಫೋನು. ಡಾಕ್ಟರೇ ಮಾತಾಡಿದಳು. ರಕ್ತ ಪರೀಕ್ಷೆ ಯಾಕೆ ಮಾಡಿಸಿಲ್ಲ ಅಂತ. ಕೆಲಸ ಇತ್ತು ಅಂದೆ. "ಹೊಸ ಮಾತ್ರೆಗೆ ಅದು ಮುಖ್ಯ ಅಮ್ಮ, ಬೇಗ ಬನ್ನಿ. ಕಷಾಯ, ನಾಟಿ ಔಷಧಿ ಏನಾದ್ರೂ ಕೊಡ್ತಿದ್ದೀರಾ?" ಅಂದಳು. "ನಮ್ಮನೇಲಿ ಅಂಥದ್ದೆಲ್ಲ ಏನೂ ಇಲ್ಲ ಕಣಮ್ಮ" ಅಂದೆ. ಏನಂದುಕೊಂಡಿದ್ದಾಳೆ ನಮ್ಮನ್ನು? ಬೇರು ತೇಯ್ದು ಕುಡಿಸುವವರು ಅಂತಲೇ? ಪಿಯುಸಿ ಪಾಸಾದವಳು ನಾನು.

ಫೋನಿಟ್ಟ ಮೇಲೂ ಸಿಟ್ಟು ಇಳಿಯಲಿಲ್ಲ. ಆ ಸಿಟ್ಟಿನಲ್ಲೇ ಸಂಜೆ ಪಟ್ಟಿ ಸುತ್ತಲು ಕೂತೆ. ಐದು ನಿಮಿಷ. ಮಾಡಲು ಬೇರೇನೂ ಇಲ್ಲದೆ ಇವರ ಕೈ ನೋಡಿದೆ. ಎಡ ಮಣಿಕಟ್ಟಿನ ಮೇಲೆ ಒಂದು ಉದ್ದನೆಯ ಗಾಯದ ಕಲೆ ಇದೆ. ಯಾವಾಗಿನದೋ ಗೊತ್ತಿಲ್ಲ. ಕೇಳೋಣ ಅಂದುಕೊಂಡೆ, ಅಷ್ಟರಲ್ಲಿ ಮಾತಾಡಬಾರದು ಅನ್ನುವುದು ನೆನಪಾಯಿತು.

ಫೆಬ್ರವರಿ 17, ಸೋಮವಾರ

ಬೆಳಿಗ್ಗೆ 136/84, 60. ಎಳನೀರು ಮೂರು.

ಇಂಪನಾ ನಿನ್ನೆ ಬಂದಿದ್ದಳು. ಅಂಕಿಗಳನ್ನು ಓದಿ ಹೇಳಿದೆ, ಮೇಲಿನದು ಕೆಳಗಿನದು ಎರಡೂ. "ಮಾತ್ರೆ ಕೆಲಸ ಮಾಡ್ತಿದೆ ಅಮ್ಮ" ಅಂದಳು. ಮಾತ್ರೆಯಂತೆ! ಮರ ಹತ್ತಿಸಿದವಳು ನಾನು, ಕೆತ್ತಿಸಿದವಳು ನಾನು, ಎದುರಿಗೆ ನಿಂತು ಕುಡಿಸಿದವಳು ನಾನು. ಹೆಸರು ಸಾಸಿವೆ ಗಾತ್ರದ ಮಾತ್ರೆಗೆ. ಸಿಟ್ಟಿಗೆ ಅವಳಿಗೆ ಎಳನೀರಿನ ವಿಷಯವನ್ನೇ ಹೇಳಲಿಲ್ಲ. ತಿಂಗಳು ಮುಗಿಯಲಿ, ಡಾಕ್ಟರ ಮುಂದೆಯೇ ಹೇಳುತ್ತೇನೆ. ಆಗ ನೋಡೋಣ ಇಬ್ಬರ ಮುಖವನ್ನೂ.

"ಅಪ್ಪಾಜಿ ಯಾಕೋ ಸಪ್ಪಗಿದ್ದಾರೆ" ಅಂದಳು ಹೊರಡುವಾಗ. ಉಪ್ಪಿಲ್ಲದ ಸಾರು ತಿಂದರೆ ಇನ್ನು ಹೇಗಿರುತ್ತಾರೆ?

ಫೆಬ್ರವರಿ 21, ಶುಕ್ರವಾರ

ಬೆಳಿಗ್ಗೆ 130/80, 54. ಎಳನೀರು ಮೂರು.
ಸಂಜೆ 126/78, 54.

ಇವತ್ತು ಏಣಿ ಹತ್ತಲಿಲ್ಲ. ಕೆಳಗೇ ಕೂತು, ಆಳುಗಳು ಇಳಿಸಿಕೊಟ್ಟ ಕಾಯಿಗಳನ್ನು ಅಲ್ಲಾಡಿಸಿ ನೋಡುತ್ತಿದ್ದರು. "ಕಾಲಲ್ಲಿ ಕಸುವಿಲ್ಲ ಕಣೇ" ಅಂದರು. ತಾವಾಗಿ ಮೈಗೆ ಆಗುತ್ತಿಲ್ಲ ಅಂತ ಹೇಳಿದ್ದು ಇದೇ ಮೊದಲು. "ಅರವತ್ತಮೂರಕ್ಕೆ ಕಸುವು ಎಲ್ಲಿಂದ ಬರ್ತದ್ರೀ?" ಅಂದೆ. ಆಮೇಲೆ ಹಾಗನ್ನಬಾರದಿತ್ತು ಅನ್ನಿಸಿತು. ಇನ್ನೂ ಒಂದು ಎಳನೀರು ಕೆತ್ತಿಸಿ ಕೊಟ್ಟೆ. ಕಾಯಿಯನ್ನು ಕೈಲಿ ಹಿಡಿದು ನೋಡಿದರು. "ಕುಡೀರಿ" ಅಂದೆ. ಕುಡಿದರು.

ಸಂಜೆ ಆ ಗಾಯದ ಬಗ್ಗೆ ಕೇಳಿಯೇಬಿಟ್ಟೆ, ಪಟ್ಟಿ ಬಿಚ್ಚಿದ ಮೇಲೆ. "ಹಳೇದು" ಅಂದರು. ಅಷ್ಟೇ. ಈ ಮನುಷ್ಯನ ಬಾಯಿಂದ ಮಾತು ಹೊರಡಿಸುವುದಕ್ಕಿಂತ ಕಾಯಿಯ ಮಟ್ಟೆ ಸುಲಿಯುವುದು ವಾಸಿ.

ಇತ್ತೀಚೆಗೆ ಐದು ನಿಮಿಷ ಮುಗಿದದ್ದೇ ಗೊತ್ತಾಗುವುದಿಲ್ಲ. ಇವತ್ತು ಹತ್ತು ನಿಮಿಷ ಕೂತಿದ್ದೆವು.

ಫೆಬ್ರವರಿ 25, ಮಂಗಳವಾರ

ಬೆಳಿಗ್ಗೆ 124/76, 49. ಎಳನೀರು ಮೂರು.

ಪರದೆಯ ಮೂಲೆಯಲ್ಲಿ ಒಂದು ಹೃದಯದ ಗುರುತು ಮಿನುಗುತ್ತಿದೆ. ಬ್ಯಾಟರಿ ಮುಗಿದಿರಬೇಕು. ತಂದು ಇನ್ನೂ ತಿಂಗಳಾಗಿಲ್ಲ! ಏನು ಮಾರುತ್ತಾರೋ ಏನು ಕೊಳ್ಳುತ್ತೇವೋ.

124/76. ಇಂಪನಾಗೂ ಇಷ್ಟು ಚೆನ್ನಾಗಿಲ್ಲ.

ಫೆಬ್ರವರಿ 26, ಬುಧವಾರ, ಶಿವರಾತ್ರಿ

ಬೆಳಿಗ್ಗೆ 118/72, 46.

ಪೂಜೆಗೆ ಕೂತವರು ಏಳಲು ಗೋಡೆ ಹಿಡಿದುಕೊಂಡರು. ಉಪವಾಸ ಬೇಡ ಅಂದೆ. ಕೇಳಲಿಲ್ಲ. ಚಿಕ್ಕಂದಿನಿಂದ ಒಂದು ಶಿವರಾತ್ರಿಯೂ ತಪ್ಪಿಸಿಲ್ಲವಂತೆ. ಹಾಗಾದರೆ ಹೊಟ್ಟೆಗೇನಾದರೂ ಬೀಳಲಿ ಅಂತ ಬಾಳೆಹಣ್ಣು, ಖರ್ಜೂರ ಕೊಟ್ಟೆ, ಎಳನೀರು ಐದು. ಉಪವಾಸಕ್ಕೆ ಅದಕ್ಕಿಂತ ತಂಪು ಏನಿದೆ? ಜಾಗರಣೆ ಮಾತ್ರ ಬೇಡವೇ ಬೇಡ ಅಂತ ಜಗಳ ಮಾಡಿ ಬೇಗ ಮಲಗಿಸಿದೆ. ಇಷ್ಟೆಲ್ಲ ಮಾಡುವವಳು ಸಿಕ್ಕಿದ್ದಾಳಲ್ಲ, ಒಂದು ಸಲ ಬಾಯಿಬಿಟ್ಟು ಹೇಳುತ್ತಾರೆಯೇ?

ಫೆಬ್ರವರಿ 28, ಶುಕ್ರವಾರ. ತಿಪಟೂರು, ನರ್ಸಿಂಗ್ ಹೋಮ್

ಐಸಿಯು ಹೊರಗಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಬರೆಯದಿದ್ದರೆ ತಲೆ ಒಡೆದುಹೋಗುತ್ತದೆ.

ನಿನ್ನೆ ಬೆಳಿಗ್ಗೆ ಮೆಷಿನ್ ಅಂಕಿಯನ್ನೇ ಕೊಡಲಿಲ್ಲ. ಬರೀ E ಅಂತ ತೋರಿಸಿತು. ಬ್ಯಾಟರಿ ಬದಲಾಯಿಸಿದೆ. ಮತ್ತೆ E. ಅಂಗೈಯಿಂದ ಎರಡು ತಟ್ಟಿದೆ. ಬೈದೆ. ಮೂರನೆಯ ಸಲ 98/60 ಅಂತ ಬಂತು, ಕೆಳಗೆ 38. ಇದಂತೂ ಪೂರ್ತಿ ಕೆಟ್ಟಿತು, ಇಂಪನಾ ಬಂದಾಗ ವಾಪಸು ಕಳಿಸಬೇಕು ಅಂದುಕೊಂಡು ಚೀಲಕ್ಕೆ ಹಾಕಿದೆ. ಈ ನೋಟ್‌ಬುಕ್ಕನ್ನೂ ಅದರ ಜೊತೆಗೇ ತುರುಕಿದೆ. ಇವರು ಎಳನೀರು ಕುಡಿದು ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡರು. ಕೊಬ್ಬರಿ ಕೊಟ್ಟಿಗೆಯವರೆಗೆ ನಡೆದು, ಕಾಯಿರಾಶಿಯ ಪಕ್ಕದಲ್ಲಿ ಕುಸಿದು ಕೂತರು.

"ಕಾಲು ಬತ್ತಿಲ್ಲ ಕಣೇ" ಅಂದರು. ತುಟಿ ಬೆಳ್ಳಗಾಗಿತ್ತು.

ಮೆಷಿನ್ ನಂಬುವಂತಿಲ್ಲ. ಏನು ಮಾಡಲಿ? ಕೂತು ಇವರ ಎದೆಗೆ ಕಿವಿಯಿಟ್ಟೆ, ಇವರು ಕಾಯಿಗೆ ಕಿವಿ ಕೊಡುವ ಹಾಗೆ. ಒಂದು ಬಡಿತ ಕೇಳಿತು. ಇನ್ನೊಂದಕ್ಕೆ ಕಾದೆ. ಕಾದೆ. ಬಂತು. ಮತ್ತೆ ಕಾದೆ. ಅಷ್ಟು ಹೊತ್ತು ನಾನು ಯಾವುದಕ್ಕೂ ಕಾದಿಲ್ಲ. ಮೆಷಿನ್ ಕೆಟ್ಟಿರಲಿಲ್ಲ.

ಕೂಗಿದ ಕೂಗಿಗೆ ದೊಡ್ಡಣ್ಣ ಓಡಿ ಬಂದ. ಕಾಯಿ ಸಾಗಿಸುವ ಗಾಡಿಯಲ್ಲೇ ಮಲಗಿಸಿಕೊಂಡು, ಆ ಚೀಲವನ್ನೂ ಎತ್ತಿಕೊಂಡು ಹೊರಟೆವು. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸುಗಳು ಅಡ್ಡ ನಿಂತಿದ್ದವು. ದೊಡ್ಡಣ್ಣ ಕಿಟಕಿಯಿಂದ ತಲೆ ಹಾಕಿ "ಬುಡ್ರಲಾ, ಯಜಮಾನ್ರಿಗೆ ಉಸಿರಿಲ್ಲ ಕಣ್ರಲಾ" ಅಂತ ಅರಚಿದ. ಉಸಿರಿಲ್ಲ ಅನ್ನಬೇಡ ಅಂತ ನಾನು ಅವನನ್ನು ಬೈದೆ. ಆಮೇಲಿನದು ಸರಿಯಾಗಿ ನೆನಪಿಲ್ಲ.

ಎದೆಗೆ ವೈರುಗಳನ್ನು ಹಚ್ಚಿ, ಕಾಗದದ ಮೇಲೆ ಬಂದ ಗೆರೆ ನೋಡಿದ್ದೇ ತಡ ಡಾಕ್ಟರು ಓಡಿದರು. ನರ್ಸುಗಳೂ ಓಡಿದರು. ಒಂದರ ಮೇಲೆ ಒಂದು ಇಂಜೆಕ್ಷನ್ನು. ಸ್ವಲ್ಪ ಹೊತ್ತಾದ ಮೇಲೆ ಹೊರಗೆ ಬಂದು ಕೇಳಿದರು, "ಅಮ್ಮ, ರಕ್ತದಲ್ಲಿ ಪೊಟ್ಯಾಸಿಯಂ ಅನ್ನೋ ಲವಣ ವಿಪರೀತ ಏರಿದೆ. ಅದು ಹೃದಯವನ್ನೇ ನಿಲ್ಲಿಸಿಬಿಡುತ್ತೆ. ಏನು ಕೊಟ್ಟಿದ್ದೀರಿ ಹೇಳಿ."

"ಏನೂ ಕೊಟ್ಟಿಲ್ಲ ಮೇಡಮ್. ಸತ್ಯವಾಗ್ಲೂ ಏನೂ ಕೊಟ್ಟಿಲ್ಲ."

"ಬಿಪಿ ಬರೆದಿದ್ದೀರಾ?"

ಚೀಲದಿಂದ ಈ ನೋಟ್‌ಬುಕ್ ತೆಗೆದು ಕೊಟ್ಟೆ. ಏನೇನು ಬರೆದಿದ್ದೇನೆ ಅನ್ನುವುದು ಕೊಟ್ಟ ಮೇಲೆ ನೆನಪಾಯಿತು. ಕಿತ್ತುಕೊಳ್ಳಲಾಗುತ್ತದೆಯೇ? ನಿಂತಲ್ಲೇ ಓದಿದರು. ಹುಡುಗಿ ಡಾಕ್ಟರು ಅಂದದ್ದನ್ನೂ ಓದಿರಬೇಕು. ಬೆರಳನ್ನು ಮೂರನೆಯ ಅಂಕಿಯ ಮೇಲಿಟ್ಟು ಒಂದೊಂದೇ ಹಾಳೆ ತಿರುವಿದರು. 76, 70, 60, 54, 46.

"ಎಳನೀರು ಮೂರು ಅಂತ ಬರೆದಿದ್ದೀರಲ್ಲ, ದಿನಾನಾ?"

"ಹೌದು. ಅದು ಎಳನೀರು ಮೇಡಮ್. ಔಷಧಿ ಅಲ್ಲ."

ಬೈಯುತ್ತಾರೆ ಅಂತ ಕಾದೆ. ಬೈಯಲಿಲ್ಲ. ಪಕ್ಕದಲ್ಲಿ ಕೂತು ಹೇಳಿದರು. ಆ ಲವಣ ಎಳನೀರಿನಲ್ಲಿ ತುಂಬ ಇರುತ್ತದಂತೆ. ಗಟ್ಟಿಮುಟ್ಟಾದ ಕಿಡ್ನಿ ಹೊರಗೆ ಹಾಕುತ್ತದೆ, ಇವರದ್ದಕ್ಕೆ ಆಗುವುದಿಲ್ಲ. ಹೊಸ ಮಾತ್ರೆಯೂ ಅದನ್ನು ಒಳಗೇ ಹಿಡಿದಿಡುವಂಥದ್ದು, ಅದಕ್ಕೇ ವಾರಕ್ಕೆ ರಕ್ತ ನೋಡಬೇಕು ಅಂದದ್ದು. "ನಾನೂ ಬಾಯಿಬಿಟ್ಟು ಹೇಳಬೇಕಿತ್ತು ಅಮ್ಮ. ನಾನೂ ಇಲ್ಲಿಯವಳೇ. ಕೊಬ್ಬರಿ ಮನೆಯವರು ಎಳನೀರು ಕಡಿಯಲ್ಲ ಅಂತ ಸುಮ್ಮನಾದೆ" ಅಂದರು.

ಬೈದಿದ್ದರೆ ಚೆನ್ನಾಗಿತ್ತು. ತಿರುಗಿಸಿ ಬೈಯಬಹುದಿತ್ತು.

ನಾನೇ ಕೊಟ್ಟೆ. ಎದುರಿಗೆ ನಿಂತು ಕುಡಿಸಿದೆ. ಶಿವರಾತ್ರಿಯ ದಿನ ಐದು ಕುಡಿಸಿದೆ.

ಮಾರ್ಚ್ 1, ಶನಿವಾರ

ನಾಡಿ 58.

ಮಾರ್ಚ್ 2, ಭಾನುವಾರ

ನಾಡಿ 66. ವಾರ್ಡಿಗೆ ಕಳಿಸಿದ್ದಾರೆ.

ಇಂಪನಾ ಕಾಫಿ ತರಲು ಹೋಗಿದ್ದಾಗ ಕಾಲಿನ ಹತ್ತಿರ ಕೂತಿದ್ದೆ. ಇವರು ಮೇಲೆ ತಿರುಗುವ ಫ್ಯಾನು ನೋಡುತ್ತ, "ನಂಗೆ ಎಳನೀರು ಸೇರೋದೇ ಇಲ್ಲ ಕಣೇ" ಅಂದರು.

ನನಗೆ ಅರ್ಥವಾಗಲಿಲ್ಲ.

"ಚಿಕ್ಕೋನಾಗಿದ್ದಾಗಿಂದ್ಲೂ ಸೇರಲ್ಲ. ಹೊಟ್ಟೆ ತೊಳಸ್ತದೆ."

"ಮತ್ಯಾಕ್ರೀ ಕುಡಿದ್ರಿ? ಇಪ್ಪತ್ತು ದಿನ!"

ಫ್ಯಾನಿನಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದರು. "ಅವತ್ತು ನೀನು ಬಸ್ರಿ. ಒಂದು ಎಳನೀರು ಕೇಳ್ದೆ. ಅಪ್ಪನ ಮುಂದೆ ನಾನು ಬಾಯಿ ಬಿಡ್ಲಿಲ್ಲ. ಈಗ ನಿನ್ ಕೈಯಿಂದ ಬಂದಿದ್ದನ್ನ ಬ್ಯಾಡ ಅನ್ನಕ್ಕೆ ನಂಗ್ಯಾವ ಮುಖ ಇತ್ತು ಹೇಳು?"

ಪಿತ್ತ ನೆತ್ತಿಗೇರಿತು. ಆಸ್ಪತ್ರೆ ಅನ್ನುವುದನ್ನೂ ನೋಡದೆ ಕೂಗಾಡಿದೆ. "ಬ್ಯಾಡ ಅನ್ನೋದು ಎರಡಕ್ಷರ ಕಣ್ರೀ! ಎರಡಕ್ಷರಕ್ಕೆ ಸಾಯಕ್ಕೆ ಹೊರಟಿದ್ರಾ? ನಾನು ಮಗಳಿಗೆ ಏನಂತ ಹೇಳ್ಬೇಕಿತ್ತು?" ನರ್ಸು ಬಂದು ನನ್ನನ್ನು ಹೊರಗೆ ಕಳಿಸಿದಳು.

ಹೊರಗೆ ಕೂತು ಅತ್ತೆ. ಎಂಥ ಮನುಷ್ಯ! ಅಪ್ಪನ ಮುಂದೆ ಬಾಯಿ ಬಿಡಲಿಲ್ಲ, ನನ್ನ ಮುಂದೆಯೂ ಬಿಡಲಿಲ್ಲ. ಹಾಗಾದರೆ ಈ ಇಪ್ಪತ್ತು ದಿನ ಜಗಲಿಯ ಮೇಲೆ ಮಾವನವರ ಜಾಗದಲ್ಲಿ ಕೂತಿದ್ದವಳು ನಾನೇ?

ಮಾರ್ಚ್ 6, ಗುರುವಾರ

ಮನೆಗೆ ಬಂದೆವು. ನಾಡಿ 70. ಬಿಪಿ 142/86. ಆ ಹೊಸ ಮಾತ್ರೆ ನಿಲ್ಲಿಸಿ ಬೇರೆ ಕೊಟ್ಟಿದ್ದಾರೆ. ಹತ್ತನೇ ತಾರೀಕು ರಕ್ತ ಪರೀಕ್ಷೆ. ಕ್ಯಾಲೆಂಡರಿನಲ್ಲಿ ಸುತ್ತು ಹಾಕಿದ್ದೇನೆ.

ಶಾಂತಕುಮಾರಿ ನೋಡಲು ಬಂದಿದ್ದಳು. "ದಾಳಿಂಬೆ ರಸ ಕುಡಿಸಿ ಅಕ್ಕ" ಅಂದಳು. ಅವಳನ್ನು ಗೇಟಿನವರೆಗೂ ಬಿಟ್ಟು, ಗೇಟು ಹಾಕಿಕೊಂಡು ಬಂದೆ.

ಮಾರ್ಚ್ 11, ಮಂಗಳವಾರ

ನಿನ್ನೆಯ ರಕ್ತ ಸರಿಯಿದೆ ಅಂತ ಡಾಕ್ಟರು ಫೋನು ಮಾಡಿದರು. ನೋಟ್‌ಬುಕ್ ಬರೆಯುವುದು ನಿಲ್ಲಿಸಬೇಡಿ ಅಂದರು. "ಎಲ್ಲಾ ಬರೀರಿ ಅಮ್ಮ, ನನ್ನ ಬೈಯೋದನ್ನೂ" ಅಂದು ನಕ್ಕರು. ಆ ಹುಡುಗಿಗೆ ಇಷ್ಟು ವಯಸ್ಸಿಗೇ ಅಷ್ಟು ತಾಳ್ಮೆ ಎಲ್ಲಿಂದ ಬಂತೋ, ನನಗೆ ಅದರ ಮೇಲೂ ಸಿಟ್ಟು.

ಸಂಜೆ ದೊಡ್ಡಣ್ಣ ಕಾಯಿ ಕೀಳಲು ಬಂದಿದ್ದ. ನಾನು ಜಗಲಿಯ ಮೇಲೆ ಪಟ್ಟಿ, ಮೆಷಿನ್ ಎಲ್ಲ ಜೋಡಿಸುತ್ತಿದ್ದೆ. ಇವರು ಅಂಗಳಕ್ಕಿಳಿದು ಕೂಗಿ ಹೇಳಿದರು, "ದೊಡ್ಡಣ್ಣ, ಒಂದು ಎಳನೀರು ಕೆಡವು ಕಣ್ಲಾ."

ದೊಡ್ಡಣ್ಣ ಹೌಹಾರಿ ನನ್ನ ಕಡೆ ನೋಡಿದ. ನಾನು ಮೆಷಿನ್ ಎಸೆದು ಎದ್ದೆ.

"ಏನ್ರೀ, ಬುದ್ಧಿ ಗಿದ್ಧಿ ಇದೆಯಾ ನಿಮಗೆ?"

"ನಂಗಲ್ಲ ಕಣೇ" ಅಂದರು. ತಾವೇ ಮಚ್ಚು ಇಸಿದುಕೊಂಡು ಕೆತ್ತಿದರು. ಕೆತ್ತಿ ಅಭ್ಯಾಸವಿಲ್ಲ, ಅರ್ಧ ನೀರು ಪಂಚೆಯ ಮೇಲೆ ಚೆಲ್ಲಿತು. ಉಳಿದದ್ದನ್ನು ತಂದು ನನ್ನ ಕೈಗಿಟ್ಟರು. "ಮೂವತ್ತೊಂದು ವರ್ಷ ತಡ ಆಯ್ತು."

"ನಂಗೇನು ಈಗ ಬಯಕೆಯಾ?" ಅಂದೆ. ಇನ್ನೂ ಏನೇನೋ ಅಂದೆ. ಕಾಯಿ ಸ್ವಲ್ಪ ಬಲಿತಿತ್ತು, ನೀರು ಸಪ್ಪೆ. ಪೂರ್ತಿ ಕುಡಿದೆ.

ಆಮೇಲೆ ಬೆನ್ನೊರಗಿಸಿ ಕೂರಿಸಿದೆ. ಐದು ನಿಮಿಷ ಸುಮ್ಮನಿರಬೇಕು. ಒಂದು ನಿಮಿಷವೂ ಆಗಿರಲಿಲ್ಲ, ಇವರು ಎಡ ಮಣಿಕಟ್ಟು ನನ್ನ ಕಡೆ ತಿರುಗಿಸಿದರು. "ಇದು ಅವತ್ತಿಂದೇ ಕಣೇ. ನೀನು ಕೇಳಿದ ದಿನ ಸಂಜೆ ಅಪ್ಪ ಮಠದ ಕಡೆ ಹೋಗಿದ್ರು. ಕದ್ದು ಮರ ಹತ್ತಿದ್ದೆ. ಹತ್ತಿ ರೂಢಿ ಇರ್ಲಿಲ್ಲ. ಅರ್ಧದಲ್ಲೇ ಜಾರಿ ಮಚ್ಚಿನ ಮೇಲೇ ಬಿದ್ದೆ. ನಿಂಗೆ ಬೇಲಿ ಕಡ್ಡಿ ತರಚ್ತು ಅಂದಿದ್ದೆ..."

ಮಾತಾಡುತ್ತಲೇ ಇದ್ದರು. ಯಾವ ಮರ, ಎಷ್ಟು ಎತ್ತರ, ದೊಡ್ಡಣ್ಣನ ಅಪ್ಪ ಬಂದು ಹೇಗೆ ಬಟ್ಟೆ ಕಟ್ಟಿದ, ಎಲ್ಲವನ್ನೂ. ಸುಮ್ಮನಿರಿ ಅನ್ನಬೇಕಿತ್ತು. ಅನ್ನಲಿಲ್ಲ. ಅವರು ಮಾತಾಡುತ್ತಿರುವಾಗಲೇ ಪಟ್ಟಿ ಸುತ್ತಿ ಗುಂಡಿ ಒತ್ತಿದೆ.

ನಾಡಿ 74.

ಬಿಪಿ 152/90. ಮಾತಾಡಿದರೆ ಹತ್ತು ಏರುತ್ತದೆ ಅಂತ ಡಾಕ್ಟರು ಹೇಳಿದ್ದಾರೆ. ಏರಲಿ.